ಹೆಸರು ಬದಲಾವಣೆ: ಕಾನೂನಿನ ನಿಯಮಗಳು ಮತ್ತು ಮಿತಿಗಳು

ಭಾರತದಲ್ಲಿ ವ್ಯಕ್ತಿಯ ಹೆಸರು ಬದಲಾವಣೆಗೆಂದೇ ರೂಪಿಸಿದ ಸಮಗ್ರ ಕಾಯ್ದೆ ಇಲ್ಲ. ತನ್ನ ಹೆಸರಿನ ಮೇಲೆ ವ್ಯಕ್ತಿಗಿರುವ ಅಧಿಕಾರವು ಸಂವಿಧಾನದ 19(1)(ಎ) ಹಾಗೂ 21ನೇ ವಿಧಿಗಳ ವ್ಯಾಪ್ತಿಗೆ ಸೇರುತ್ತದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಹಕ್ಕಿದ್ದ ಮಾತ್ರಕ್ಕೆ ದಾಖಲೆಗಳು ತಾವಾಗಿ ಬದಲಾಗುವುದಿಲ್ಲ. ಪ್ರತಿಯೊಂದು ದಾಖಲೆಗೂ ಅದರದೇ ನಿಯಮವುಂಟು, ಮಿತಿಯೂ ಉಂಟು.

ಗದಗ ಭಾಗದ ರೂಢಿ

ಗದಗ-ಬೆಟಗೇರಿ ಮತ್ತು ಮುಂಡರಗಿ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಮಿರಜ ಸಂಸ್ಥಾನದ ಲಕ್ಷ್ಮೇಶ್ವರ ಹಾಗೂ ಸಾಂಗ್ಲಿ ಸಂಸ್ಥಾನದ ಶಿರಹಟ್ಟಿ 1948ರಲ್ಲಿ ಅದೇ ಆಡಳಿತಕ್ಕೆ ಸೇರಿದವು. ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮುಂಬಯಿ ಪ್ರಾಂತ್ಯದ ಕ್ರಮ ಇಲ್ಲಿ ಇಂದಿಗೂ ಬಳಕೆಯಲ್ಲಿದೆ. ಶಾಲೆಯಲ್ಲಿ ‘ಶಿವಪ್ಪ ಬಸಪ್ಪ ಬಡಿಗೇರ’ ಎಂದಿರುವವರು ಬ್ಯಾಂಕಿನಲ್ಲಿ ‘ಶಿವಪ್ಪ ಬಿ.’ ಎಂದೂ, ಪಹಣಿಯಲ್ಲಿ ‘ಶಿವಪ್ಪ ತಂದೆ ಬಸಪ್ಪ’ ಎಂದೂ ದಾಖಲಾಗಿರುವುದುಂಟು. ಪಿಂಚಣಿ, ವಿದ್ಯಾರ್ಥಿವೇತನ ಮತ್ತು ವಾರಸಾ ಅರ್ಜಿಗಳು ತಡೆಯುವುದು ಇಂತಹ ವ್ಯತ್ಯಾಸಗಳಿಂದಲೇ.

ಆದ್ದರಿಂದ ತಮಗೆ ಬೇಕಿರುವುದು ತಿದ್ದುಪಡಿಯೋ ಬದಲಾವಣೆಯೋ ಎಂಬುದನ್ನು ಅರ್ಜಿದಾರರು ಮೊದಲು ನಿರ್ಧರಿಸಿಕೊಳ್ಳಬೇಕು. ತಪ್ಪಾಗಿ ಬರೆದ ಹೆಸರನ್ನು ಸರಿಪಡಿಸುವುದು ತಿದ್ದುಪಡಿ. ಸರಿಯಾಗಿಯೇ ಇದ್ದ ಹೆಸರನ್ನು ಬಿಟ್ಟು ಹೊಸದನ್ನು ಪಡೆಯುವುದು ಬದಲಾವಣೆ. ಎರಡನೆಯದರ ಹಾದಿ ದೀರ್ಘ.

ಜನನ ದಾಖಲೆ

ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ, ಆ ಬಳಿಕ 15 ವರ್ಷದವರೆಗೆ ವಿಳಂಬ ಶುಲ್ಕದೊಂದಿಗೆ ಸೇರಿಸಬಹುದು. ಜನನ-ಮರಣ ನೋಂದಣಿ ಕಾಯ್ದೆ, 1969ರ 15ನೇ ಕಲಮು ತಪ್ಪಾದ ಅಥವಾ ಮೋಸದಿಂದ ಮಾಡಿಸಿದ ನಮೂದನ್ನು ಸರಿಪಡಿಸಲು ಅವಕಾಶ ನೀಡುತ್ತದೆ; ಹೆಸರಿನ ಬದಲಾವಣೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಇದೇ ಕಾರಣಕ್ಕೆ ಉಡುಪಿಯಲ್ಲಿ ಮಗುವೊಂದರ ಹೆಸರು ಬದಲಿಸಲು ನಿರಾಕರಿಸಲಾಗಿತ್ತು. 2025ರಲ್ಲಿ ಕರ್ನಾಟಕ ಹೈಕೋರ್ಟ್ ಪೋಷಕರ ಕೋರಿಕೆಯನ್ನು ಮನ್ನಿಸಿತು. ಕಾನೂನು ತಿದ್ದುಪಡಿಯಾಗುವವರೆಗೆ ಪೋಷಕರ ಪ್ರಮಾಣಪತ್ರ ಪಡೆದು, ಗುರುತು ಪರಿಶೀಲಿಸಿ, ಹಳೆಯ ಹಾಗೂ ಹೊಸ ಹೆಸರುಗಳೆರಡೂ ಕಾಣುವಂತೆ ದಾಖಲಿಸಬೇಕೆಂದು ಸೂಚಿಸಿತು.

2023ರ ಅಕ್ಟೋಬರ್ 1ರಿಂದೀಚೆಗೆ ಜನಿಸಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಮುಂತಾದವುಗಳಿಗೆ ಜನನ ಪ್ರಮಾಣಪತ್ರವೇ ಜನ್ಮದಿನಾಂಕ ಹಾಗೂ ಜನ್ಮಸ್ಥಳದ ಆಧಾರ. ಆದುದರಿಂದ ಆರಂಭದಲ್ಲೇ ಹೆಸರನ್ನು ಅಡ್ಡಹೆಸರಿನೊಡನೆ ಪೂರ್ಣವಾಗಿ ಬರೆಸುವುದು ಲೇಸು.

ಶಾಲಾ ದಾಖಲೆ

ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಶಾಲೆಯ ದಾಖಲಾತಿ ಪುಸ್ತಕಕ್ಕೂ ವ್ಯತ್ಯಾಸವಿದ್ದಲ್ಲಿ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಮನವಿ ಸಲ್ಲಿಸಬೇಕು. ಸ್ವ-ಇಚ್ಛೆಯ ಬದಲಾವಣೆಗೆ ಮಂಡಳಿಯು ನ್ಯಾಯಾಲಯದ ಘೋಷಣೆ ಹಾಗೂ ಗೆಜೆಟ್ ಪ್ರಕಟಣೆಯನ್ನು ಕೇಳಬಹುದೆಂದು ಸುಪ್ರೀಂ ಕೋರ್ಟ್ ಸಿಬಿಎಸ್‌ಇ ಕುರಿತ ಮೇಲಿನ ತೀರ್ಪಿನಲ್ಲಿ ಹೇಳಿದೆ. ಇಂತಹ ಘೋಷಣೆಗೆ ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 34ನೇ ಕಲಮಿನಡಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು.

ವಯಸ್ಕರು ಅನುಸರಿಸುವ ಕ್ರಮ

ಹಳೆಯ ಮತ್ತು ಹೊಸ ಹೆಸರು ಹಾಗೂ ಕಾರಣವನ್ನು ತಿಳಿಸುವ ಪ್ರಮಾಣಪತ್ರವನ್ನು ನೋಟರಿಯ ಸಮಕ್ಷಮ ಮಾಡಿಸುವುದು, ಪತ್ರಿಕೆಗಳಲ್ಲಿ ಪ್ರಕಟಣೆ ನೀಡುವುದು, ಬಳಿಕ ದೆಹಲಿಯ ಪ್ರಕಟಣಾ ಇಲಾಖೆಯ ಮೂಲಕ ಭಾರತದ ಗೆಜೆಟ್‌ನಲ್ಲಿ ಪ್ರಕಟಿಸುವುದು ರೂಢಿಯ ಕ್ರಮ. ಕೇವಲ ನೋಟರಿ ಪತ್ರದಿಂದ ಎಲ್ಲ ಕಚೇರಿಗಳಲ್ಲಿಯೂ ಹೆಸರು ಬದಲಾಗುವುದಿಲ್ಲ. ಆಧಾರ್‌ನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡು ಬಾರಿ ಮಾತ್ರ ಬದಲಿಸಬಹುದು. ಆದಕಾರಣ ಶಾಲಾ ದಾಖಲೆ ಸರಿಯಾದ ನಂತರವೇ ಆಧಾರ್‌ಗೆ ಅರ್ಜಿ ಹಾಕುವುದು ಜಾಣತನ.

ಮದುವೆಯ ನಂತರ ಪತಿಯ ಹೆಸರು ಅಥವಾ ಅಡ್ಡಹೆಸರನ್ನು ಸೇರಿಸಿಕೊಳ್ಳಲೇಬೇಕೆಂಬ ಕಾನೂನು ಇಲ್ಲ. ತವರಿನ ಹೆಸರನ್ನೇ ಉಳಿಸಿಕೊಳ್ಳುವುದು ಮಹಿಳೆಯ ಇಚ್ಛೆಗೆ ಬಿಟ್ಟದ್ದು.

ಬದಲಾಗದ ಸಂಗತಿಗಳು

ಹೆಸರು ಬದಲಾದರೂ ವ್ಯಕ್ತಿ ಬದಲಾಗುವುದಿಲ್ಲ. ಹಳೆಯ ಹೆಸರಿನಲ್ಲಿ ಮಾಡಿದ ಸಾಲ, ಬರೆದುಕೊಟ್ಟ ಕರಾರು ಮತ್ತು ನಡೆಯುತ್ತಿರುವ ಮೊಕದ್ದಮೆಗಳ ಹೊಣೆ ಹಾಗೆಯೇ ಉಳಿಯುತ್ತದೆ. ಅಡ್ಡಹೆಸರು ಬದಲಿಸಿದ ಮಾತ್ರಕ್ಕೆ ಜಾತಿಯಾಗಲಿ ಮೀಸಲಾತಿಯಾಗಲಿ ದೊರೆಯದು. ಇದ್ದದ್ದು ಹೋಗುವುದೂ ಇಲ್ಲ. ಆಸ್ತಿಯ ಹಕ್ಕಿಗೂ ಧಕ್ಕೆಯಿಲ್ಲ. ಆದರೆ ಇಬ್ಬರೂ ಒಬ್ಬರೇ ಎಂದು ತೋರಿಸುವ ಹೊಣೆ ಹೆಸರು ಬದಲಿಸಿದವರದೇ. ಹೀಗಾಗಿ ಹಳೆಯ ಹೆಸರಿನ ಕಾಗದಗಳು, ಪತ್ರಿಕಾ ಪ್ರಕಟಣೆ ಹಾಗೂ ಗೆಜೆಟ್ ಪ್ರತಿಗಳನ್ನು ಜೀವಮಾನವಿಡೀ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.