ಮರಳುನಾಡಿನ ಗೋಧಿ ಹೊಲ ಮತ್ತು ಎರ್ಲಡ್ಡು ಹಕ್ಕಿ

ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 200 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ಬಾವಿ ತೋಡಿದರೆ ನೀರು ಬಹಳ ಆಳ, ಹಲವು ಕಡೆ ಉಪ್ಪು. ಇಂಥ ನೆಲದಲ್ಲಿ ನೂರಾರು ವರ್ಷಗಳಿಂದ ಗೋಧಿ, ಕಡಲೆ ಬೆಳೆಯುತ್ತಾ ಬಂದಿದ್ದಾರೆ ಎಂದರೆ ನಂಬುತ್ತೀರಾ?

ಆ ಬೇಸಾಯಕ್ಕೆ 'ಖಡೀನ್' ಎಂದು ಹೆಸರು. 15ನೇ ಶತಮಾನದ ಸುಮಾರಿಗೆ ಪಾಲಿವಾಲ ಬ್ರಾಹ್ಮಣರು ಇದನ್ನು ಅಲ್ಲಿ ಬೆಳೆಸಿದರು. ಉಪಾಯ ಸರಳ. ಕಲ್ಲುನೆಲದ ಇಳಿಜಾರಿನಲ್ಲಿ ಹರಿದು ಬರುವ ಮಳೆನೀರಿಗೆ ತಗ್ಗಿನಲ್ಲಿ ಉದ್ದನೆಯ ಮಣ್ಣಿನ ಒಡ್ಡು ಹಾಕುತ್ತಾರೆ. ಹೆಚ್ಚಾದ ನೀರು ಹೋಗಲು ಕೋಡಿ ಇರುತ್ತದೆ. ನೀರು ಕೆಲವು ವಾರ ನಿಂತು ಇಂಗುತ್ತದೆ, ಜೊತೆಗೆ ಬಂದ ಹೂಳು ಗೊಬ್ಬರವಾಗುತ್ತದೆ. ಚಳಿಗಾಲದ ಹೊತ್ತಿಗೆ ಆ ಹಸಿಯಲ್ಲೇ ಬಿತ್ತಿದರೆ ಮತ್ತೆ ನೀರು ಕೊಡದೆ ಬೆಳೆ ಬರುತ್ತದೆ. ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬೆಳೆದವರಿಗೆ ಇದರ ಮರ್ಮ ಬೇಗ ತಿಳಿದೀತು.

19ನೇ ಶತಮಾನದ ಆರಂಭದ ಹೊತ್ತಿಗೆ ಪಾಲಿವಾಲರು ಊರು ಬಿಟ್ಟರು. ದಿವಾನ ಸಾಲಿಮ್ ಸಿಂಗನ ಕಾಟಕ್ಕೆ 84 ಹಳ್ಳಿಯವರು ಒಂದೇ ರಾತ್ರಿ ಹೊರಟರೆಂದು ಜನ ಕಥೆ ಹೇಳುತ್ತಾರೆ. ಕುಲಧರಾ ಊರು ಇಂದಿಗೂ ಹಾಳು ಬಿದ್ದಿದೆ. ಆದರೆ ಅವರು ಕಟ್ಟಿದ ಹಲವು ಖಡೀನ್‌ಗಳಲ್ಲಿ ಇಂದಿಗೂ ಬಿತ್ತನೆ ನಡೆದಿದೆ.

ಹೊಲದಷ್ಟೇ ಮುಖ್ಯವಾದದ್ದು ಹೊಲದಾಚೆಯ ಬಯಲು. ಅಲ್ಲಿ 'ಓರಣ್' ಎಂಬ ದೇವರ ಕಾವಲುಗಳಿವೆ. ದೇವರ ಹೆಸರಿನಲ್ಲಿ ಬಿಟ್ಟ ಆ ನೆಲದಲ್ಲಿ ಯಾರೂ ಕೊಡಲಿ ಹಾಕುವಂತಿಲ್ಲ. ಒಂಟೆ, ಕುರಿ, ದನ ಮೇಯಬಹುದು. ಸೇವಣ್ ಹುಲ್ಲು, ಖೇಜ್ರಿ ಮರ, ಬೋರೆ ಗಿಡಗಳು ಉಳಿದಿರುವುದು ಈ ಕಟ್ಟಳೆಯಿಂದಲೇ.

ಹುಲ್ಲುಗಾವಲು ಮತ್ತು ಮಳೆಯಾಶ್ರಿತ ಹೊಲ ಎರಡನ್ನೂ ನಂಬಿದ ಹಕ್ಕಿ ಎರ್ಲಡ್ಡು. ರಾಜಸ್ಥಾನದಲ್ಲಿ ಅದು ಗೋಡಾವಣ್. 1981ರಿಂದ ಆ ರಾಜ್ಯದ ಪಕ್ಷಿ. ಗಂಡು 15 ಕಿಲೋದವರೆಗೂ ತೂಗುತ್ತದೆ. ಮಿಡತೆ, ಜೀರುಂಡೆ, ಹಲ್ಲಿ, ಬೋರೆಹಣ್ಣು, ಉದುರಿದ ಕಾಳು ಅದರ ಆಹಾರ. ಗೂಡು ಕಟ್ಟದೆ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಹಾಗಾಗಿ ನೆಲಕ್ಕೆ ಬಿಡುವು ಸಿಗದಿದ್ದರೆ ಅದಕ್ಕೆ ಉಳಿವಿಲ್ಲ.

ಬೇಟೆಯಿಂದ ಮೊದಲೇ ಸೊರಗಿದ್ದ ಹಕ್ಕಿಗೆ ಆ ಬಿಡುವೂ ತಪ್ಪತೊಡಗಿತು. 1958ರಲ್ಲಿ ಕೆಲಸ ಶುರುವಾದ, ಈಗ ಇಂದಿರಾ ಗಾಂಧಿ ನಾಲೆ ಎನ್ನುವ ಕಾಲುವೆ 1980ರ ದಶಕದಲ್ಲಿ ಜೈಸಲ್ಮೇರ್ ಜಿಲ್ಲೆ ತಲುಪಿತು. ರೈತರಿಗೆ ನೀರು ಬಂತು, ಬದುಕು ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹುಲ್ಲುಗಾವಲುಗಳು ವರ್ಷವಿಡೀ ಉಳುಮೆಯ ಹೊಲಗಳಾದವು, ಔಷಧಿ ಸಿಂಪಡಣೆ ಬಂತು. ಆಮೇಲೆ ಬಂದದ್ದು ಗಾಳಿಯಂತ್ರ, ಸೋಲಾರ್ ಮತ್ತು ಅವುಗಳ ವಿದ್ಯುತ್ ತಂತಿ. ಈ ಹಕ್ಕಿಗೆ ಎದುರಿಗಿರುವುದು ಸರಿಯಾಗಿ ಕಾಣದು. ಭಾರವಾದ ಮೈಯನ್ನು ತಟ್ಟನೆ ತಿರುಗಿಸಲೂ ಆಗದು. 2020ರಲ್ಲಿ ದೇಗರಾಯ್ ಓರಣ್ ಬಳಿ ಒಂದು ಎರ್ಲಡ್ಡು ತಂತಿಗೆ ಬಡಿದು ಸತ್ತಿತು. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿ ಹಾಕಲು ಹೇಳಿತು. 2024ರಲ್ಲಿ ಆ ಆದೇಶ ಸಡಿಲಿಸಿ ತಜ್ಞರ ಸಮಿತಿ ನೇಮಿಸಿತು.

ಈಗ ದೇಶದಲ್ಲಿ ಉಳಿದಿರುವ ಎರ್ಲಡ್ಡುಗಳು ಸುಮಾರು 150 ಎಂಬ ಅಂದಾಜಿದೆ. ಹೆಚ್ಚಿನವು ಜೈಸಲ್ಮೇರ್ ಕಡೆಯವೇ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಸೀಮೆಯಲ್ಲಿ ಕಂಡಿರುವುದು ಬೆರಳೆಣಿಕೆಯಷ್ಟು.

ಇಷ್ಟಕ್ಕೂ ಓರಣ್‌ಗಳ ಕಷ್ಟಕ್ಕೆ ಮೂಲ ಒಂದು ಪದ. ಹಳ್ಳಿಗರು ತಲೆಮಾರುಗಳಿಂದ ಕಾಯ್ದ ಎಷ್ಟೋ ಕಾವಲುಗಳು ಕಂದಾಯ ದಾಖಲೆಯಲ್ಲಿ 'ಪಾಳುಭೂಮಿ'. ಪಾಳು ಎಂದು ಬರೆದ ಮೇಲೆ ಯಾರಿಗೆ ಬೇಕಾದರೂ ಕೊಡುವುದು ಸುಲಭ. ಅದಕ್ಕೇ ಅಲ್ಲಿನ ಕುರಿಗಾಹಿಗಳು, ರೈತರು ಓರಣ್‌ ಅನ್ನು ಓರಣ್ ಎಂದೇ ದಾಖಲಿಸಿ ಎಂದು ಕೇಳುತ್ತಿದ್ದಾರೆ. ನಮ್ಮೂರಿನ ಗೋಮಾಳ, ಹುಲ್ಲುಬನ್ನಿ ಪಹಣಿಯಲ್ಲಿ ಏನೆಂದು ಬರೆದಿದೆ? ಒಮ್ಮೆ ತೆಗೆದು ನೋಡುವುದು ಒಳ್ಳೆಯದು.