ತಾಳ್ಮೆ

ಕಂಬ ಭಾರ ತಾಳುತ್ತದೆ, ನಟ ವೇಷ ತಾಳುತ್ತಾನೆ, ಅವಸರ ಮಾಡುವವರಿಗೆ ‘ಸ್ವಲ್ಪ ತಾಳಿ’ ಎನ್ನುತ್ತೇವೆ. ಹೊರುವುದು, ಧರಿಸುವುದು, ಕಾಯುವುದು ಮೂರೂ ‘ತಾಳು’ ಎಂಬ ಒಂದೇ ಧಾತುವಿನಲ್ಲಿವೆ. ‘ನಲ್ಮೆ’, ‘ಒಲ್ಮೆ’ಗಳಲ್ಲಿ ಕಾಣುವ ‘ಮೆ’ ಪ್ರತ್ಯಯ ಸೇರಿ ‘ತಾಳ್ಮೆ’ ಆಗಿದೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆ ಎಲ್ಲರಿಗೂ ಗೊತ್ತು.

ಕನ್ನಡ ಬೈಬಲ್ ಓದುವವರಿಗೂ ಇದು ಹತ್ತಿರದ ಪದ. ಪೌಲನ ಪತ್ರಗಳ ಗ್ರೀಕ್ ಮೂಲದಲ್ಲಿ ಹಲವೆಡೆ ಇದರ ಜಾಗದಲ್ಲಿರುವ ‘ಹುಪೊಮೊನೆ’ಯ ಅಕ್ಷರಾರ್ಥ, ಭಾರದ ಅಡಿಯಲ್ಲೇ ಉಳಿಯುವುದು. ಸುಮ್ಮನೆ ಸಹಿಸುವುದಲ್ಲ, ಹೊತ್ತ ಕೆಲಸವನ್ನು ಬಿಡದಿರುವುದು. ‘ತಾಳು’ವಿನ ಹೊರುವ ಅರ್ಥ ಇಲ್ಲಿ ಎಷ್ಟು ಚೆನ್ನಾಗಿ ಕೂಡಿಬಂದಿದೆ!

ನಾಯಕರ ತಾಳ್ಮೆಗೆ ನನಗೆ ಮೊದಲು ನೆನಪಾಗುವವನು ಹಳೆಯ ಒಡಂಬಡಿಕೆಯ ನೆಹೆಮೀಯ. ಯೆರೂಸಲೇಮಿನ ಬಿದ್ದ ಗೋಡೆಯನ್ನು ಜನರೊಂದಿಗೆ ಕಟ್ಟಿಸುತ್ತಿದ್ದ ಅವನನ್ನು ವಿರೋಧಿಗಳು ಮಾತುಕತೆಯ ನೆಪದಲ್ಲಿ ಓನೋ ಬಯಲಿಗೆ ನಾಲ್ಕು ಸಲ ಕರೆದರು. ನಾಲ್ಕು ಸಲವೂ ಒಂದೇ ಉತ್ತರ: ಕೆಲಸ ಬಿಟ್ಟು ಬರಲಾರೆ. ಗೋಡೆ 52 ದಿನಗಳಲ್ಲಿ ಮುಗಿಯಿತು. ಆದರೆ ಜನರ ಹೊರೆ ಹೆಚ್ಚಬಾರದೆಂದು 12 ವರ್ಷ ಅವನು ದೇಶಾಧಿಪತಿಯಾಗಿ ತನಗೆ ಸಲ್ಲುವ ಆಹಾರದ ಪಾಲನ್ನು ಮುಟ್ಟಲಿಲ್ಲ. ನನ್ನ ಕಣ್ಣಿಗೆ ಗೋಡೆಗಿಂತ ಇದೇ ದೊಡ್ಡದು.