ಬಂಗಾಳ ಕೊಲ್ಲಿಗೆ ಬಿದ್ದ ರಾಕೆಟ್ಟು ಮತ್ತು 1979ರ ಟೀಕೆಗಳು



ಮರ್ಹೂಮ್ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಹೆಸರು ಬಂದಾಗಲೆಲ್ಲ ನಮ್ಮ ಶಾಲಾ ವೇದಿಕೆಗಳಲ್ಲಿ ಅಗ್ನಿ, ಪೃಥ್ವಿ, ರಾಷ್ಟ್ರಪತಿ ಭವನದ ಮಾತು ಬರುತ್ತದೆ. ಸಮುದ್ರಕ್ಕೆ ಬಿದ್ದ ರಾಕೆಟ್ಟಿನ ಕಥೆ ಒಂದೆರಡು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆ ದಿನ ಏನಾಯಿತು, ಜನ ಏನೆಂದರು, ಉತ್ತರ ಕೊಟ್ಟವರು ಯಾರು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

1979ರ ಆಗಸ್ಟ್ 10, ರಮಝಾನ್ ತಿಂಗಳ ಒಂದು ಶುಕ್ರವಾರ. ಬೆಳಿಗ್ಗೆ 7 ಗಂಟೆ 58 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ಮೇಲೇರಿತು. 17 ಟನ್ ತೂಕದ, ನಾಲ್ಕು ಹಂತಗಳ ರಾಕೆಟ್ಟು. ಮೊದಲ ಹಂತ ಚೆನ್ನಾಗಿಯೇ ಉರಿಯಿತು. ಎರಡನೆಯ ಹಂತದಲ್ಲಿ ಹತೋಟಿ ತಪ್ಪಿತು. ಹಾರಿದ 317 ಸೆಕೆಂಡುಗಳಲ್ಲಿ ಎಲ್ಲವೂ ಮುಗಿದು, ರೋಹಿಣಿ ಉಪಗ್ರಹದ ಸಮೇತ ಬಂಗಾಳ ಕೊಲ್ಲಿಯ ಪಾಲಾಯಿತು. ಯೋಜನೆಯ ನಿರ್ದೇಶಕರಾಗಿದ್ದ ಕಲಾಂ ಸಾಹೇಬರಿಗೆ ಆಗ 47 ವರ್ಷ.

ಕಾರಣ ಬಹಳ ಸಣ್ಣದು. ಎರಡನೆಯ ಹಂತವನ್ನು ನಿಯಂತ್ರಿಸುವ ವ್ಯವಸ್ಥೆಯ ಒಂದು ಕವಾಟ ಕಸ ಸಿಕ್ಕಿ ತೆರೆದೇ ಉಳಿದು, ನೈಟ್ರಿಕ್ ಆಮ್ಲ ಸೋರಿಹೋಗಿತ್ತು. ನಮ್ಮ ಭಾಷಣಗಳಲ್ಲಿ ಬಿಟ್ಟುಹೋಗುವ ಇನ್ನೊಂದು ವಿಷಯವಿದೆ. ಹಾರುವ ಮುನ್ನ ಕಂಪ್ಯೂಟರ್ ತಡೆ ಹಾಕಿತ್ತು. ತೊಂದರೆಯಿಲ್ಲ ಎಂದು ತಜ್ಞರು ಹೇಳಿದ ಮೇಲೆ, ಅದನ್ನು ಬದಿಗಿಟ್ಟು ರಾಕೆಟ್ಟನ್ನು ಹಾರಿಸುವ ತೀರ್ಮಾನ ತಮ್ಮದೇ ಎಂದು ಕಲಾಂ ಸಾಹೇಬರೇ ಮುಂದೆ ಎಷ್ಟೋ ಸಭೆಗಳಲ್ಲಿ ಹೇಳಿಕೊಂಡರು. ಅಂದರೆ ಟೀಕೆಗೆ ಆಧಾರವಿರಲಿಲ್ಲ ಎನ್ನುವಂತಿಲ್ಲ.

ಟೀಕೆಯಂತೂ ಬಂತು. ಕೋಟಿಗಟ್ಟಲೆ ರೂಪಾಯಿಯನ್ನು ಕೊಲ್ಲಿಗೆ ಸುರಿದರು ಎಂಬುದು ಅದರ ಸಾರ. ಕಾಲವೂ ಹಾಗಿತ್ತು. ಮೊರಾರ್ಜಿ ಸರ್ಕಾರ ಬಿದ್ದು ಚರಣ್ ಸಿಂಗ್ ಪ್ರಧಾನಿಯಾಗಿ ಎರಡು ವಾರವೂ ಕಳೆದಿರಲಿಲ್ಲ. ದೂರದರ್ಶನ ಕೆಲವೇ ನಗರಗಳಲ್ಲಿತ್ತು. ಹೆಚ್ಚಿನವರಿಗೆ ಸುದ್ದಿ ಸಿಕ್ಕಿದ್ದು ರೇಡಿಯೋ ಮತ್ತು ಪತ್ರಿಕೆಗಳಿಂದ. ಮರುದಿನವೇ ಗುಜರಾತಿನ ಮೋರ್ವಿಯಲ್ಲಿ ಮಚ್ಛು ಅಣೆಕಟ್ಟು ಒಡೆದು ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಅಣೆಕಟ್ಟು ನಿಲ್ಲದ ದೇಶಕ್ಕೆ ರಾಕೆಟ್ಟು ಯಾಕೆ ಎಂದು ಆ ವಾರ ಯಾರಾದರೂ ಕೇಳಿದ್ದರೆ ಅವರನ್ನು ಅಜ್ಞಾನಿಗಳೆಂದು ನಾನು ಕರೆಯಲಾರೆ.

ಬಡ ದೇಶವೆಂಬ ಕಾರಣಕ್ಕೆ ನಮಗೆ ಮಾತ್ರ ಇಂಥ ಮಾತು ಕೇಳಬೇಕಾಯಿತು ಎಂದೂ ತಿಳಿಯಬೇಡಿ. 1957ರ ಡಿಸೆಂಬರ್ 6ರಂದು ಅಮೆರಿಕದ ವ್ಯಾನ್‌ಗಾರ್ಡ್ ಸುಮಾರು ನಾಲ್ಕು ಅಡಿ ಮೇಲೇರಿ ಕುಸಿದು ಸುಟ್ಟುಹೋದಾಗ, ಅಲ್ಲಿಯ ಪತ್ರಿಕೆಗಳೇ ರಷ್ಯದ ಸ್ಪುಟ್ನಿಕ್ ಹೆಸರನ್ನು ತಿರುಚಿ 'ಫ್ಲಾಪ್‌ನಿಕ್', 'ಕಪುಟ್ನಿಕ್' ಎಂದು ಗೇಲಿ ಮಾಡಿದ್ದವು.

ಈಗ ಮುಖ್ಯ ಮಾತಿಗೆ ಬರೋಣ. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಪ್ರೊ. ಸತೀಶ್ ಧವನ್. ಶ್ರೀನಗರದಲ್ಲಿ ಹುಟ್ಟಿದ ಇವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಹೌದು. ಆ ದಿನ ಪತ್ರಕರ್ತರ ಎದುರು ಕುಳಿತವರು ಇವರೇ. ಕವಾಟದ ಹೆಸರನ್ನಾಗಲಿ, ಕಲಾಂ ಅವರ ಹೆಸರನ್ನಾಗಲಿ ಮುಂದೆ ಮಾಡಲಿಲ್ಲ. ಹೊಣೆಯನ್ನು ತಾವೇ ಹೊತ್ತು, ತಮ್ಮ ತಂಡದ ಮೇಲೆ ಭರವಸೆಯಿದೆ, ಒಂದು ವರ್ಷದೊಳಗೆ ಗೆದ್ದೇ ಗೆಲ್ಲುತ್ತಾರೆ ಎಂಬರ್ಥದ ಮಾತು ಹೇಳಿದರು. ಹಲವು ದಿನಗಳ ನಿದ್ದೆಗೆಟ್ಟು ಮಲಗಿದ್ದ ಕಲಾಂ ಅವರನ್ನು ಆ ಸಂಜೆ ಎಬ್ಬಿಸಿ ಸಮಾಧಾನ ಮಾಡಿದವರು ಡಾ. ಬ್ರಹ್ಮಪ್ರಕಾಶ್. ಹೊರಗೆ ಒಬ್ಬರು, ಒಳಗೆ ಒಬ್ಬರು ಹಿರಿಯರಿದ್ದರು.

ಉರ್ದುವಿನಲ್ಲಿ ಸೋತವನನ್ನು 'ನಾಕಾಮ್' ಎನ್ನುತ್ತೇವೆ. ಫಾರಸಿಯ 'ಕಾಮ್' ಎಂದರೆ ಬಯಕೆ, ಗುರಿ. ನಾಕಾಮ್ ಎಂದರೆ ಗುರಿ ಇನ್ನೂ ಕೈಗೂಡದವನು ಎಂದಷ್ಟೇ. ನಮ್ಮ ಮನೆಗಳಲ್ಲಿ ಎಸ್‌ಎಸ್‌ಎಲ್‌ಸಿಯ ಒಂದು ವಿಷಯದಲ್ಲಿ ಫೇಲಾದ ಹುಡುಗನನ್ನು ಗ್ಯಾರೇಜಿಗೆ, ಹುಡುಗಿಯನ್ನು ಅಡುಗೆಮನೆಗೆ ಕಳಿಸುವ ದಿನ ಈ ಪದಕ್ಕೆ ಎಂಥ ಅರ್ಥ ಬರುತ್ತದೆ ಎಂದು ಪೋಷಕರು ಯೋಚಿಸಬೇಕು. ನೆರೆಹೊರೆಯವರು ಕೇಳುವಾಗ ಧವನ್ ಕುಳಿತ ಕುರ್ಚಿಯಲ್ಲಿ ಕುಳಿತು ಉತ್ತರಿಸುವ ತಂದೆ-ತಾಯಿ ನಮ್ಮಲ್ಲಿ ಎಷ್ಟು ಜನ?

1980ರ ಜುಲೈ 18ರ ಬೆಳಿಗ್ಗೆ ಎರಡನೆಯ ಎಸ್‌ಎಲ್‌ವಿ-3 ಹಾರಿತು. 35 ಕಿಲೋ ತೂಕದ ರೋಹಿಣಿ ಕಕ್ಷೆ ಸೇರಿತು. ಹಿಂದಿನ ವರ್ಷ ಲೆಕ್ಕ ಕೇಳಿದ್ದ ದೇಶವೇ ಈಗ ಸಂಭ್ರಮಿಸಿತು. ಪತ್ರಕರ್ತರು ಮತ್ತೆ ನೆರೆದರು. ಧವನ್ ಅವರು ಕಲಾಂ ಅವರನ್ನು ಕರೆದು, ಈ ಸಲದ ಗೋಷ್ಠಿಯನ್ನು ನೀವೇ ನಡೆಸಿ ಎಂದರು.

1981ರ ಮೇ ತಿಂಗಳಲ್ಲಿ ಹಾರಿದ ಮೂರನೆಯದು ಗೊತ್ತುಪಡಿಸಿದ ಎತ್ತರ ಮುಟ್ಟಲಿಲ್ಲ. ಉಪಗ್ರಹ ಕೆಲವೇ ದಿನಗಳಲ್ಲಿ ಕೆಳಗಿಳಿದು ಉರಿದುಹೋಯಿತು. 1983ರ ಏಪ್ರಿಲ್ 17ರಂದು ನಾಲ್ಕನೆಯದು ಸರಿಯಾಗಿ ಹಾರಿತು.